ಲಿವರ್ ರೈಫಲ್‌ಗಳಿಗೆ ಹೆಗಲ ಪಟ್ಟಿಯ ಆಯ್ಕೆ ಮತ್ತು ಜೋಡಣೆ: ಆಯುಧ ಪರವಾನಗಿದಾರರ ಹಾಗೂ ವಿನಾಯಿತಿ ಪಡೆದವರ ಮಾಹಿತಿಗಾಗಿ

ಆಯುಧ ಪರವಾನಗಿಯ ನವೀಕರಣ, ವಾರಸುದಾರರ ಹೆಸರಿಗೆ ಪರವಾನಗಿ ಮುಂತಾದ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ನಾಗರಿಕರು, ಅರ್ಜಿಯ ವಿಷಯ ಮುಗಿದ ಮೇಲೆ, ಬಂದೂಕನ್ನು ಹೆಗಲಿಗೆ ಹಾಕಿಕೊಳ್ಳುವ ಪಟ್ಟಿಯ ಬಗ್ಗೆ ವಿಚಾರಿಸುವುದುಂಟು. ಪಟ್ಟಿಗೆ ಪ್ರತ್ಯೇಕ ಅನುಮತಿ ಬೇಕೇ, ಮರಕ್ಕೆ ರಂಧ್ರ ಕೊರೆಸಬಹುದೇ, ಪಟ್ಟಿ ಹಾಕಿಕೊಂಡು ರಸ್ತೆಯಲ್ಲಿ ನಡೆದರೆ ತಪ್ಪೇ ಎಂಬಿವು ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳು. ತಾತ ಅಥವಾ ತಂದೆಯ ಕಾಲದಿಂದ ಮನೆಯಲ್ಲಿರುವ ಲಿವರ್ ಚಾಲಿತ ರೈಫಲ್‌ಗಳಿಗೆ ಸಂಬಂಧಿಸಿ ಈ ಪ್ರಶ್ನೆಗಳು ಇನ್ನಷ್ಟು ಮುಖ್ಯವಾಗುತ್ತವೆ. ಏಕೆಂದರೆ ಅವುಗಳ ರಚನೆ ಇತರ ಬಂದೂಕುಗಳಿಗಿಂತ ಭಿನ್ನವಾಗಿದ್ದು, ಸಾಮಾನ್ಯ ಬಂದೂಕಿಗೆ ಒಪ್ಪುವ ಪಟ್ಟಿಯ ಕೊಂಡಿಗಳು ಇವುಗಳಿಗೆ ಒಪ್ಪುವುದಿಲ್ಲ. ಆದುದರಿಂದ ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಮೊದಲಿಗೆ ಒಂದು ಸ್ಪಷ್ಟೀಕರಣ. ಈ ರೈಫಲ್‌ಗಳನ್ನು ಲೋಕರೂಢಿಯಲ್ಲಿ ಬೇಟೆ ರೈಫಲ್ ಎಂದು ಕರೆಯಲಾಗುತ್ತಿದ್ದರೂ, ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಮೇರೆಗೆ ನಮ್ಮ ದೇಶದಲ್ಲಿ ವನ್ಯಪ್ರಾಣಿಗಳ ಬೇಟೆ ನಿಷಿದ್ಧವಾಗಿದೆ. ಬೆಳೆ ರಕ್ಷಣೆಗಾಗಿ ನೀಡಿದ ಆಯುಧ ಪರವಾನಗಿಯು ಪ್ರಾಣಿಯನ್ನು ಕೊಲ್ಲುವ ಅನುಮತಿಯಲ್ಲ. ಅದಕ್ಕೆ ಸದರಿ ಕಾಯ್ದೆಯ 11ನೇ ಪ್ರಕರಣದಡಿ ಸಕ್ಷಮ ಅರಣ್ಯಾಧಿಕಾರಿಗಳ ಲಿಖಿತ ಆದೇಶ ಬೇರೆಯಾಗಿಯೇ ಇರತಕ್ಕದ್ದು. ಈ ಎರಡನ್ನೂ ಒಂದೆಂದು ಭಾವಿಸಿ ತೊಂದರೆಗೆ ಸಿಲುಕುವವರಿರುವುದರಿಂದ ಇದನ್ನು ಆರಂಭದಲ್ಲಿಯೇ ತಿಳಿಸಲಾಗಿದೆ.

ಲಿವರ್ ರೈಫಲ್‌ನ ವಿಶೇಷತೆ

ಟ್ರಿಗರ್‌ನ ಸುತ್ತ ಬಳೆಯಂತೆ ಇರುವ ಲಿವರನ್ನು ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದಾಗ ಖಾಲಿ ತೋಟಾ ಹೊರಬಿದ್ದು ಹೊಸ ತೋಟಾ ಒಳಸೇರುವ ವ್ಯವಸ್ಥೆಯೇ ಲಿವರ್ ರೈಫಲ್. ಅಮೆರಿಕದ ವಿಂಚೆಸ್ಟರ್ ಕಂಪನಿಯ 1892 ಮತ್ತು 1894ರ ಮಾದರಿಗಳು, ಮಾರ್ಲಿನ್ ಕಂಪನಿಯು 1948ರಲ್ಲಿ ಹೊರತಂದ 336ನೇ ಮಾದರಿ ಇವುಗಳಲ್ಲಿ ಹೆಸರಾದವು. ವಿಂಚೆಸ್ಟರ್‌ನ ಎರಡೂ ಮಾದರಿಗಳನ್ನು ವಿನ್ಯಾಸಗೊಳಿಸಿದವರು ಜಾನ್ ಬ್ರೌನಿಂಗ್. ನಮ್ಮ ಇಶಾಪುರ ಕಾರ್ಖಾನೆಯ 0.315 ಬೋರ್ ರೈಫಲ್ ಈ ಬಗೆಯದಲ್ಲ. ಅದು ಬೋಲ್ಟ್ ರೈಫಲ್.

ಪಟ್ಟಿಯ ದೃಷ್ಟಿಯಿಂದ ಗಮನಿಸಬೇಕಾದ ಅಂಶಗಳು ಎರಡು. ಒಂದು, ಇವುಗಳಲ್ಲಿ ಹೆಚ್ಚಿನವು ನಳಿಗೆಯ ಕೆಳಗೆ ಅದಕ್ಕೆ ಸಮಾನಾಂತರವಾಗಿ ಕೊಳವೆಯಾಕಾರದ ಮ್ಯಾಗಜೀನ್ ಹೊಂದಿರುತ್ತವೆ. ಆದುದರಿಂದ ಮುಂಭಾಗದ ಮರಕ್ಕೆ ತಿರುಪು ಹಾಕಿ ಕೊಂಡಿ ಜೋಡಿಸಲು ಸಾಧ್ಯವಿಲ್ಲ. ಮರದ ಹಿಂದೆಯೇ ಕೊಳವೆ ಇರುತ್ತದೆ. ತಿರುಪು ಅದಕ್ಕೆ ತಗುಲಿದರೆ ಕೊಳವೆ ತಗ್ಗಾಗಿ, ಒಳಗಿನ ಸ್ಪ್ರಿಂಗ್ ತೋಟಾವನ್ನು ತಳ್ಳದೆ ರೈಫಲ್ ಕೆಲಸ ನಿಲ್ಲಿಸುತ್ತದೆ. ಎರಡು, ಹ್ಯಾಮರ್, ಅಂದರೆ ಹಿರಿಯರು ಕುದುರೆ ಎನ್ನುವ ಭಾಗ, ಹೊರಗೇ ಇರುತ್ತದೆ. ಹಳೆಯ ಮಾದರಿಗಳಲ್ಲಿ ಪ್ರತ್ಯೇಕ ಸೇಫ್ಟಿ ಇರುವುದಿಲ್ಲ. ಕುದುರೆಯನ್ನು ಅರ್ಧ ಎಳೆದು ನಿಲ್ಲಿಸುವ ಕಚ್ಚು ಮಾತ್ರ ಇರುತ್ತದೆ. ಹೆಗಲಿನಿಂದ ಜಾರಿದ ತುಂಬಿದ ರೈಫಲ್ ಕುದುರೆಯ ಮೇಲೆಯೇ ಕಲ್ಲಿಗೆ ಬಿದ್ದಲ್ಲಿ, ಸವೆದ ಆ ಕಚ್ಚು ಮುರಿದು ಗುಂಡು ಹಾರಬಹುದು. ಹೆಗಲ ಪಟ್ಟಿಯು ಅಲಂಕಾರದ ವಸ್ತುವಲ್ಲ, ಅದರ ಒಂದು ತಿರುಪಿನ ಮೇಲೆ ಪ್ರಾಣ ನಿಂತಿರುತ್ತದೆ ಎನ್ನಲು ಇದೇ ಕಾರಣ. ಹೆಗಲಿನಲ್ಲಿರುವ ರೈಫಲ್‌ನ ನಳಿಗೆಯಲ್ಲಿ ತೋಟಾ ಇರಕೂಡದು ಎಂಬುದನ್ನು ಇಲ್ಲಿಯೇ ಹೇಳಬೇಕಾಗಿದೆ. ಪಟ್ಟಿ ಎಷ್ಟೇ ಉತ್ತಮವಾಗಿದ್ದರೂ ಈ ನಿಯಮಕ್ಕೆ ಬದಲಿಯಲ್ಲ.

ಪಟ್ಟಿಯ ಆಯ್ಕೆ

ಚರ್ಮ, ಕ್ಯಾನ್ವಾಸ್, ನೈಲಾನ್ ಮತ್ತು ರಬ್ಬರಿನಂತಹ ನಿಯೋಪ್ರಿನ್ ಪಟ್ಟಿಗಳು ಲಭ್ಯವಿವೆ. ಚರ್ಮವು ಹೆಗಲಿನಲ್ಲಿ ಜಾರುವುದಿಲ್ಲ ಮತ್ತು ಹಳೆಯ ರೈಫಲ್‌ಗೆ ಶೋಭೆ ತರುತ್ತದೆ ಎಂಬುದು ನಿಜ. ಆದರೆ ಕೊಡಗು, ಚಿಕ್ಕಮಗಳೂರು, ಹಾಸನದ ಮಲೆನಾಡು ಭಾಗಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮ ಒಣಗುವುದೇ ಇಲ್ಲ. ಬೂಸ್ಟು ಹಿಡಿದು, ಹೊಲಿಗೆಯ ನೂಲು ಕೊಳೆತು, ಹೊರನೋಟಕ್ಕೆ ಗಟ್ಟಿಯಾಗಿಯೇ ಕಾಣುವ ಪಟ್ಟಿ ಒಂದು ದಿನ ಬಿಚ್ಚಿಕೊಳ್ಳುತ್ತದೆ. ಚರ್ಮದಲ್ಲಿ ಉಳಿದ ತೇವ ಮತ್ತು ಹದಮಾಡಲು ಬಳಸಿದ ಲವಣಗಳು ಕಬ್ಬಿಣಕ್ಕೆ ತಾಗಿದ ಕಡೆ ತುಕ್ಕು ಹಿಡಿಸುತ್ತವೆ. ಮಳೆಗಾಲದಲ್ಲಿ ನೈಲಾನ್ ಪಟ್ಟಿಯೇ ಲೇಸು. ಅದು ಜಾರುತ್ತದೆಂಬ ಆಕ್ಷೇಪವಿದೆ. ಹೆಗಲ ಮೇಲೆ ಕೂರುವ ಭಾಗಕ್ಕೆ ಒರಟು ಮೆತ್ತೆ ಇರುವುದನ್ನು ಕೊಂಡರೆ ಆ ತೊಂದರೆ ನೀಗುತ್ತದೆ. ನಿಯೋಪ್ರಿನ್ ಮೆತ್ತಗಿದ್ದರೂ ಹಿಗ್ಗುವ ಗುಣದಿಂದಾಗಿ ನಡೆಯುವಾಗ ರೈಫಲ್ ಬೆನ್ನಿನ ಮೇಲೆ ಕುಣಿಯುತ್ತದೆ. ಸುಮಾರು 3 ಕಿಲೋಗ್ರಾಂ ತೂಗುವ ವಿಂಚೆಸ್ಟರ್ 94 ಕಾರ್ಬೈನ್‌ನಂತಹ ಹಗುರ ರೈಫಲ್‌ಗೆ ಅದರ ಅಗತ್ಯ ಕಾಣುವುದಿಲ್ಲ.

ಪಟ್ಟಿಯ ಅಗಲವು ಕೊಂಡಿಯ ಒಳ ಅಗಲಕ್ಕೆ ಸರಿಹೊಂದಿರತಕ್ಕದ್ದು. ಸಾಮಾನ್ಯವಾಗಿ 1 ಇಂಚು ಅಥವಾ 1¼ ಇಂಚಿನ ಕೊಂಡಿಗಳು ದೊರೆಯುತ್ತವೆ. 1 ಇಂಚಿನ ಪಟ್ಟಿಯನ್ನು 1¼ ಇಂಚಿನ ಕೊಂಡಿಗೆ ಹಾಕಿದಲ್ಲಿ ಅದು ಪಕ್ಕಕ್ಕೆ ಸರಿದು ಒಂದೇ ಅಂಚಿನಲ್ಲಿ ಸವೆಯುತ್ತದೆ. ಉದ್ದವನ್ನು ಬಕಲ್ ಅಥವಾ ಜಾರುಕೊಂಡಿಯಿಂದ ಹೊಂದಿಸಿಕೊಳ್ಳುವಂತಿದ್ದು, ಹೆಗಲಿಗೆ ಹಾಕಿದಾಗ ರೈಫಲ್ ಬೆನ್ನಿಗೆ ಒತ್ತಿಕೊಂಡು ನಿಲ್ಲಬೇಕು. ಸಡಿಲವಾದ ಪಟ್ಟಿ ಲಿವರಿನ ಬಳೆಗೆ ಸಿಕ್ಕಿಕೊಂಡರೆ ಲಿವರ್ ತಾನಾಗಿ ತೆರೆದುಕೊಂಡು, ಮ್ಯಾಗಜೀನ್‌ನಲ್ಲಿ ತೋಟಾಗಳಿದ್ದಲ್ಲಿ ಅವು ಕೆಳಗೆ ಬೀಳಬಹುದು.

ಕೆಲವು ಹಳೆಯ ಕಾರ್ಬೈನ್‌ಗಳ ಎಡಬದಿಯಲ್ಲಿ ಒಂದು ಉಕ್ಕಿನ ಉಂಗುರ ಇರುತ್ತದೆ. ಅದು ಕುದುರೆ ಸವಾರರು ಬಂದೂಕನ್ನು ಜೋಡಿಸಿಕೊಳ್ಳಲು ಮಾಡಿದ್ದಾಗಿದ್ದು, ಹೆಗಲ ಪಟ್ಟಿಗೆಂದು ಅಲ್ಲ. ಅದಕ್ಕೆ ಪಟ್ಟಿ ಕಟ್ಟಿದಲ್ಲಿ ರೈಫಲ್ ಒಂದೇ ಬಿಂದುವಿನಿಂದ ತೂಗಾಡಿ ನಳಿಗೆ ಎತ್ತ ತಿರುಗುವುದೆಂಬುದು ಹಿಡಿತದಲ್ಲಿರುವುದಿಲ್ಲ.

ಜೋಡಣೆಯ ವಿಧಾನ

ಜೋಡಣೆಗೆ ಮುನ್ನ ರೈಫಲ್ ಖಾಲಿ ಇರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಕೊಳವೆ ಮ್ಯಾಗಜೀನ್‌ನಲ್ಲಿ ತೋಟಾಗಳು ಹೊರಗೆ ಕಾಣುವುದಿಲ್ಲವಾದ್ದರಿಂದ, ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಟ್ರಿಗರ್ ಮುಟ್ಟದೆ, ತೋಟಾಗಳು ಬರುವುದು ನಿಂತ ಮೇಲೂ ಎರಡು ಮೂರು ಬಾರಿ ಲಿವರ್ ಆಡಿಸಬೇಕು. ಬಳಿಕ ಲಿವರ್ ತೆರೆದಿಟ್ಟು ನಳಿಗೆಯ ಹಿಂಬದಿಯನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ ನೋಡಬೇಕು. ತೋಟಾಗಳನ್ನು ಬೇರೆ ಕೋಣೆಯಲ್ಲಿಡುವುದು ಸೂಕ್ತ.

ಹಿಂಭಾಗದ ಕೊಂಡಿಗೆ ಬಟ್‌ನ ಕೆಳ ಅಂಚಿನಲ್ಲಿ, ಅದರ ತುದಿಯಿಂದ ಸುಮಾರು 2½ರಿಂದ 3 ಇಂಚು ಮುಂದೆ, ಅಗಲದ ಸರಿಮಧ್ಯದಲ್ಲಿ ಗುರುತು ಮಾಡಬೇಕು. ಹಳೆಯ ವಾಲ್ನಟ್ ಮರ ಒಣಗಿ ಬಿರುಸಾಗಿರುತ್ತದೆ. ನೇರವಾಗಿ ತಿರುಪು ತುರುಕಿದರೆ ಉದ್ದಕ್ಕೂ ಸೀಳುತ್ತದೆ. ಆದುದರಿಂದ ತಿರುಪಿನ ಒಳದಿಂಡಿನಷ್ಟೇ ಗಾತ್ರದ ಬೈರಿಗೆಯಿಂದ ಮೊದಲು ರಂಧ್ರ ಕೊರೆಯಬೇಕು. ಎಷ್ಟು ಆಳ ಹೋಗಬೇಕೋ ಅಲ್ಲಿಗೆ ಬೈರಿಗೆಯ ಮೇಲೆ ಒಂದು ತುಂಡು ಟೇಪ್ ಸುತ್ತಿಕೊಂಡರೆ ಅಳತೆ ತಪ್ಪುವುದಿಲ್ಲ. ತಿರುಪಿಗೆ ಸ್ವಲ್ಪ ಮೇಣ ಅಥವಾ ಸೋಪು ಸವರಿ, ಸ್ಟಡ್‌ನ ಕಣ್ಣಿಗೆ ಮೊಳೆ ತೂರಿಸಿ ನಿಧಾನವಾಗಿ ತಿರುಗಿಸಬೇಕು. ಕಣ್ಣು ಅಡ್ಡಡ್ಡಲಾಗಿ ನಿಲ್ಲಬೇಕು. ಇಕ್ಕಳದಿಂದ ಹಿಡಿದು ತಿರುಗಿಸಿದರೆ ಕಣ್ಣಿನ ಅಂಚು ಹಾಳಾಗುತ್ತದೆ.

ಪುರಾತನ ರೈಫಲ್‌ಗೆ ರಂಧ್ರ ಕೊರೆಯಲು ಮನಸ್ಸಿಲ್ಲದವರು ಬಟ್‌ಗೆ ಚೀಲದಂತೆ ಹೊದಿಸಿ ಬಿಗಿಯುವ ಚರ್ಮದ ಕವಚವನ್ನು ಬಳಸಬಹುದು. ಅದರಲ್ಲಿಯೇ ಪಟ್ಟಿಗೆ ಕುಣಿಕೆ ಇರುತ್ತದೆ. ತಾತನ ಕಾಲದ ಮರಕ್ಕೆ ಹೊಸದಾಗಿ ತೂತು ಮಾಡುವುದಕ್ಕಿಂತ ಇದೇ ಮೇಲು ಎಂಬುದು ಈ ಶಾಖೆಯ ಅಭಿಪ್ರಾಯ. ಆದರೆ ಕವಚವನ್ನು ವರ್ಷವಿಡೀ ಬಿಚ್ಚದೆ ಇಟ್ಟರೆ ಅದರಡಿ ತೇವ ನಿಲ್ಲುತ್ತದೆ.

ಮುಂಭಾಗದ ಜೋಡಣೆಯು ರೈಫಲ್‌ನ ಮಾದರಿಯನ್ನು ಅವಲಂಬಿಸಿದೆ. ಕಾರ್ಬೈನ್‌ಗಳಲ್ಲಿ ನಳಿಗೆ ಮತ್ತು ಮ್ಯಾಗಜೀನ್ ಕೊಳವೆಯನ್ನು ಒಟ್ಟಿಗೆ ಹಿಡಿಯುವ ಉಕ್ಕಿನ ಬಳೆ ಇದ್ದು, ಆ ಬಳೆಯ ಬದಲಿಗೆ ಸ್ಟಡ್ ಸಹಿತವಾದ ಬಳೆಯನ್ನು ಹಾಕಬಹುದು. ಬಳೆ ಇಲ್ಲದ ಉದ್ದ ರೈಫಲ್‌ಗಳಲ್ಲಿ ಮ್ಯಾಗಜೀನ್ ಕೊಳವೆಗೆ ಎರಡು ಹೋಳಿನ ಪಟ್ಟು ಹಾಕಿ ತಿರುಪಿನಿಂದ ಬಿಗಿಯಲಾಗುತ್ತದೆ. ಪಟ್ಟಿನ ಒಳಗೆ ತೆಳು ಟೇಪ್ ಇಟ್ಟರೆ ಗೀರು ಬೀಳುವುದಿಲ್ಲ, ಜಾರುವುದೂ ಇಲ್ಲ. ಕೊಳವೆಯ ಲೋಹ ತೆಳುವಾಗಿರುವುದರಿಂದ ಅತಿಯಾಗಿ ಬಿಗಿಯಕೂಡದು. ಸ್ಯಾವೇಜ್ ಕಂಪನಿಯ 99ನೇ ಮಾದರಿಯಲ್ಲಿ ಮಾತ್ರ ಕೊಳವೆಯೂ ಇಲ್ಲ, ಹೊರಗಿನ ಕುದುರೆಯೂ ಇಲ್ಲ. ಅಲ್ಲಿ ಮುಂಭಾಗದ ಮರಕ್ಕೇ ಸ್ಟಡ್ ಹಾಕಲು ಅವಕಾಶವಿದೆ. ಯಾವುದೇ ಮಾದರಿಯಲ್ಲಾಗಲಿ ನಳಿಗೆಗೆ ರಂಧ್ರ ಕೊರೆಯುವುದಾಗಲಿ, ಬೆಸುಗೆ ಹಾಕಿಸುವುದಾಗಲಿ ಸರ್ವಥಾ ಕೂಡದು.

ಜೋಡಣೆಯ ನಂತರ, ಖಾಲಿ ರೈಫಲ್ಲನ್ನು ಹಾಸಿಗೆಯ ಮೇಲೆ ಹಿಡಿದು ಪಟ್ಟಿಯನ್ನು ಹಲವು ಬಾರಿ ಬಲವಾಗಿ ಜಗ್ಗಿ ನೋಡುವುದು. ಸಡಿಲಗೊಳ್ಳುವುದಿದ್ದರೆ ಹಾಸಿಗೆಯ ಮೇಲೆಯೇ ಸಡಿಲಗೊಳ್ಳಲಿ.

ಕಾನೂನಿನ ಅಂಶಗಳು

ಹೆಗಲ ಪಟ್ಟಿಗೆ ಪ್ರತ್ಯೇಕ ಅನುಮತಿಯ ಅಗತ್ಯವಿಲ್ಲ. ಪರವಾನಗಿಯಲ್ಲಿ ಅದನ್ನು ನಮೂದಿಸುವ ಅಂಕಣವೂ ಇಲ್ಲ. ಆದರೆ ಜೋಡಣೆ ಮಾಡಿಸುವ ಸ್ಥಳದ ಬಗ್ಗೆ ಎಚ್ಚರ ಅಗತ್ಯ. ಆಯುಧ ಕಾಯ್ದೆ, 1959ರ 5ನೇ ಪ್ರಕರಣದಂತೆ ಆಯುಧಗಳ ದುರಸ್ತಿ ವೃತ್ತಿಗೆ ಪರವಾನಗಿ ಬೇಕು. ರೈಫಲ್ಲನ್ನು ಊರಿನ ಬಡಗಿ ಅಥವಾ ಕಮ್ಮಾರನ ಬಳಿ ಎರಡು ದಿನ ಬಿಟ್ಟು ಬರುವುದೆಂದರೆ ಪರವಾನಗಿ ಇಲ್ಲದವನ ಸ್ವಾಧೀನಕ್ಕೆ ಆಯುಧ ಒಪ್ಪಿಸಿದಂತೆ. ಆತನೂ ಅಪರಾಧಕ್ಕೆ ಗುರಿಯಾಗುತ್ತಾನೆ. ಪರವಾನಗಿ ಪಡೆದ ಆಯುಧ ವ್ಯಾಪಾರಿಯಲ್ಲಿಯೇ ಕೆಲಸ ಮಾಡಿಸುವುದು. ಪರವಾನಗಿದಾರರು ವೃದ್ಧಾಪ್ಯ ಅಥವಾ ಅನಾರೋಗ್ಯದಿಂದ ಹೋಗಲಾಗದಿದ್ದಲ್ಲಿ, ಕಾಯ್ದೆಯ 3ನೇ ಪ್ರಕರಣದ ಪರಂತುಕದಂತೆ, ದುರಸ್ತಿಗಾಗಿ ಅಥವಾ ಪರವಾನಗಿ ನವೀಕರಣಕ್ಕಾಗಿ ಮತ್ತೊಬ್ಬರು ಅವರ ಲಿಖಿತ ಅಧಿಕಾರಪತ್ರದೊಂದಿಗೆ ಆಯುಧವನ್ನು ಒಯ್ಯಬಹುದು. ಪತ್ರದಲ್ಲಿ ಆಯುಧದ ಸಂಖ್ಯೆ ಮತ್ತು ದಿನಾಂಕ ಇರಲಿ. ಕವಚ ಅಥವಾ ಪಟ್ಟು ಹಾಕುವಾಗ ಆಯುಧದ ಸಂಖ್ಯೆ ಅಳಿಯದಂತೆ ನೋಡಿಕೊಳ್ಳಬೇಕು.

ಪಟ್ಟಿ ಇದೆಯೆಂದು ರೈಫಲ್ಲನ್ನು ಹೆಗಲಿಗೆ ಏರಿಸಿ ಸಂತೆಗೆ ಹೋಗುವಂತಿಲ್ಲ. ಆಯುಧ ನಿಯಮಗಳು, 2016ರ 32ನೇ ನಿಯಮದ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಬಂದೂಕನ್ನು ಅದಕ್ಕೆಂದೇ ಮಾಡಿದ ಚೀಲದಲ್ಲಿ ಪೂರ್ಣವಾಗಿ ಮುಚ್ಚಿ, ಹಿಡಿತದಲ್ಲಿರುವಂತೆ ಒಯ್ಯತಕ್ಕದ್ದು. ಅಂದರೆ ತೋಟದ ಗೇಟಿನವರೆಗೆ ಮಾತ್ರ ರೈಫಲ್‌ನ ಪಟ್ಟಿ. ಗೇಟಿನಿಂದಾಚೆ ಚೀಲದ ಪಟ್ಟಿ. ಆದುದರಿಂದ ಪಟ್ಟಿ ಕೊಳ್ಳುವಾಗಲೇ ಚೀಲವನ್ನೂ ಅಳತೆ ನೋಡಿ ಕೊಳ್ಳುವುದು ಒಳ್ಳೆಯದು.

ಕೊಡವ ಜನಾಂಗದವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರವರೆಗೆ, ಮುಂದುವರಿಸಿದೆ. ಈ ವಿನಾಯಿತಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಎತ್ತಿಹಿಡಿದಿದೆ. ವಿನಾಯಿತಿ ಪರವಾನಗಿಗೆ ಸಂಬಂಧಿಸಿದ್ದು. ವನ್ಯಜೀವಿ ಕಾಯ್ದೆಗೆ ಅನ್ವಯಿಸುವುದಿಲ್ಲ. ಸದರಿ ಕಾಯ್ದೆಯ 31ನೇ ಪ್ರಕರಣದಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಪೂರ್ವಾನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ಸಹಿತ ಪ್ರವೇಶಿಸುವಂತಿಲ್ಲ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯಗಳ ಅಂಚಿನಲ್ಲಿ ತೋಟವುಳ್ಳವರು ಕಾಲುದಾರಿಯ ಮೊಟಕಿಗಾಗಿ ಗಡಿ ದಾಟದಿರುವುದು ಕ್ಷೇಮ. ಅಭಯಾರಣ್ಯದ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಹೊಸ ಆಯುಧ ಪರವಾನಗಿಗೆ ಅರ್ಜಿ ಸಲ್ಲಿಸುವವರ ವಿಷಯದಲ್ಲಿ, 34ನೇ ಪ್ರಕರಣದಂತೆ, ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಬೇಕಾಗಿರುವುದರಿಂದ ವಿಲೇವಾರಿಗೆ ಹೆಚ್ಚು ಕಾಲ ಹಿಡಿಯುತ್ತದೆ. ಇದನ್ನು ಕಚೇರಿಯ ವಿಳಂಬವೆಂದು ಭಾವಿಸಬಾರದಾಗಿ ಕೋರಿದೆ.

ಬಳಕೆ ಮತ್ತು ಪಾಲನೆ

ಕಾಫಿ ಗಿಡಗಳ ಸಾಲಿನೊಳಗೆ ನಡೆಯುವಾಗ ಪಟ್ಟಿಯನ್ನು ಕಳಚಿ ಜೇಬಿನಲ್ಲಿಟ್ಟುಕೊಳ್ಳುವುದೇ ಉತ್ತಮ. ರೆಂಬೆಗಳು ಪಟ್ಟಿಗೂ ಕುದುರೆಗೂ ಒಟ್ಟಿಗೆ ಸಿಕ್ಕುತ್ತವೆ. ಒತ್ತಿದರೆ ಬಿಚ್ಚಿಕೊಳ್ಳುವ ಕೊಂಡಿಗಳನ್ನು ಕೊಂಡಿದ್ದಲ್ಲಿ ಇದು ಕ್ಷಣದ ಕೆಲಸ. ಬೇಲಿ ದಾಟುವಾಗ, ಅಟ್ಟಣೆ ಹತ್ತುವಾಗ ರೈಫಲ್ ಹೆಗಲಿನಲ್ಲಿ ಇರಲೇಬಾರದು. ಮಳೆಯಲ್ಲಿ ನಳಿಗೆ ಕೆಳಮುಖವಾಗಿರುವಂತೆ ತೂಗು ಹಾಕಿಕೊಂಡರೆ ನೀರು ಒಳಗಿಳಿಯುವುದಿಲ್ಲ. ಆದರೆ ಕೂರುವಾಗ ನಳಿಗೆಯ ಬಾಯಿ ಮಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು. ನಳಿಗೆಯಲ್ಲಿ ಮಣ್ಣು ಕಟ್ಟಿಕೊಂಡಿರುವಾಗ ಗುಂಡು ಹಾರಿಸಿದಲ್ಲಿ ನಳಿಗೆಯೇ ಸಿಡಿಯುವ ಸಂಭವವಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯ ನಳಿಗೆಗೆ ಹೂವಿಟ್ಟು ಪೂಜಿಸುವ ಮನೆಗಳಲ್ಲಿಯೂ ಪೂಜೆಯ ನಂತರ ನಳಿಗೆಯನ್ನು ಪರೀಕ್ಷಿಸುವುದು ಇದೇ ಕಾರಣಕ್ಕೆ ಅಗತ್ಯ.

ನೆನೆದ ಚರ್ಮವನ್ನು ಒಲೆಯ ಬಳಿ ಅಲ್ಲ, ನೆರಳಿನಲ್ಲಿ ಒಣಗಿಸಿ ಚರ್ಮದ ಮೇಣ ಹಚ್ಚಬೇಕು. ತಿರುಪುಗಳನ್ನು ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಪರೀಕ್ಷಿಸುವುದು.

ಚುನಾವಣೆಯ ಸಂದರ್ಭದಲ್ಲಿ ಆಯುಧಗಳನ್ನು ಠೇವಣಿ ಇಡುವಂತೆ ಆದೇಶವಾದಾಗ ಪಟ್ಟಿ, ಕವಚಗಳನ್ನು ಕಳಚಿ ಮನೆಯಲ್ಲಿಯೇ ಇಟ್ಟುಕೊಂಡು, ನಳಿಗೆಗೆ ಎಣ್ಣೆ ಸವರಿ ರೈಫಲ್ಲನ್ನು ಮಾತ್ರ ಒಪ್ಪಿಸುವುದು. ರಸೀದಿಯನ್ನು ಆಯುಧಕ್ಕೆ ನೀಡಲಾಗುತ್ತದೆಯೇ ಹೊರತು ಪಟ್ಟಿಗಲ್ಲ. ಠೇವಣಿ ಕೋಣೆಯಲ್ಲಿ ಹತ್ತಾರು ಬಂದೂಕುಗಳ ನಡುವೆ ಕಳಚಿಬಿದ್ದ ಪಟ್ಟಿ ಯಾರದೆಂದು ಗುರುತಿಸುವುದು ಕಷ್ಟಸಾಧ್ಯ. ಹಿಂಪಡೆಯುವಾಗ ಆಯುಧದ ಸಂಖ್ಯೆಯನ್ನು ರಸೀದಿಯೊಂದಿಗೆ ತಾಳೆ ನೋಡಿ, ನಳಿಗೆ ಖಾಲಿ ಇರುವುದನ್ನು ಅಲ್ಲಿಯೇ ಪರೀಕ್ಷಿಸಿ, ಚೀಲದಲ್ಲಿರಿಸಿಕೊಂಡು ಹೊರಡತಕ್ಕದ್ದು.