ಹಾಬಿಟ್‌ಗಳ ಕ್ಯಾಲೆಂಡರಿನಲ್ಲಿ ಫೆಬ್ರವರಿ 30 ಹೇಗೆ ಬಂತು?

ಜೆ.ಆರ್.ಆರ್. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯಲ್ಲಿ ಹಾಬಿಟ್‌ಗಳೆಂಬ ಪುಟ್ಟ ಜನರ ನಾಡಾದ ಶೈರ್‌ಗೆ ತನ್ನದೇ ಕಾಲಗಣನೆ ಇದೆ. ಅದರ ವಿವರ 1955ರಲ್ಲಿ ಬಂದ ಮೂರನೇ ಸಂಪುಟದ ಅನುಬಂಧದಲ್ಲಿದೆ. ಹನ್ನೆರಡು ತಿಂಗಳಿಗೂ ತಲಾ 30 ದಿನ; ಕಥೆಯಲ್ಲಿ ಅರಗಾರ್ನ್ ಎಂಬ ವೀರ ಎಯೊಮೆರ್ ಎಂಬ ಯೋಧನನ್ನು ಭೇಟಿಯಾಗುವುದು ಫೆಬ್ರವರಿ 30ರಂದೇ. ಮಿಕ್ಕ 5 ದಿನ ಯಾವ ತಿಂಗಳಿಗೂ ಸೇರವು: ವರ್ಷ ಬದಲಾಗುವಾಗ ಯೂಲ್ ಹಬ್ಬದ 2, ನಡುಬೇಸಿಗೆಯಲ್ಲಿ 3. ಅಧಿಕ ವರ್ಷದಲ್ಲಿ ಬೇಸಿಗೆಗೇ ಇನ್ನೊಂದು ದಿನ ಕೂಡುತ್ತದೆ.

ನಿಜವಾದ ಜಾಣತನ ಇರುವುದು ವಾರದ ಲೆಕ್ಕದಲ್ಲಿ. ವರ್ಷದ ನಟ್ಟನಡುವಿನ ದಿನಕ್ಕೂ ಆ ಅಧಿಕ ದಿನಕ್ಕೂ ವಾರದ ಹೆಸರೇ ಇಲ್ಲ. ಅವನ್ನು ಬಿಟ್ಟರೆ ಉಳಿಯುವುದು 364 ದಿನ, ಅಂದರೆ ಸರಿಯಾಗಿ 52 ವಾರ. ಹೀಗಾಗಿ ಪ್ರತಿ ವರ್ಷವೂ ಶನಿವಾರ ಶುರುವಾಗಿ ಶುಕ್ರವಾರ ಮುಗಿಯುತ್ತದೆ. ಬಿಲ್ಬೊ ಎಂಬ ಹಾಬಿಟ್‌ನ ಹುಟ್ಟುಹಬ್ಬವಾದ ಸೆಪ್ಟೆಂಬರ್ 22 ಯಾವತ್ತಿದ್ದರೂ ಗುರುವಾರವೇ. ವರ್ಷವರ್ಷವೂ ಹೊಸ ಕ್ಯಾಲೆಂಡರ್ ತರುವ ಗೊಡವೆಯಿಲ್ಲ. ಬದಲಾವಣೆ ಎಂದರೆ ಆಗದ ಹಾಬಿಟ್‌ಗಳ ಸ್ವಭಾವಕ್ಕೆ ಇದು ಹೇಳಿ ಮಾಡಿಸಿದ ವ್ಯವಸ್ಥೆ.

ಕಾಲಗಣನೆಯಲ್ಲಿ ಚರಿತ್ರೆಯೂ ಬೆರೆತಿದೆ. ಶೈರ್‌ನ ಮೊದಲ ವರ್ಷವೆಂದರೆ ಹಾಬಿಟ್‌ಗಳು ಬ್ರಾಂಡಿವೈನ್ ನದಿ ದಾಟಿ ಅಲ್ಲಿ ನೆಲೆನಿಂತ ವರ್ಷ. ಕಥೆಯ ಕೇಂದ್ರವಾದ ಮಾಯಾ ಉಂಗುರ ನಾಶವಾದ ಮೇಲೆ ಗೊಂಡೋರ್ ರಾಜ್ಯ ಆ ದಿನವನ್ನೇ, ಅಂದರೆ ಮಾರ್ಚ್ 25ನ್ನೇ, ಹೊಸ ವರ್ಷದ ಆರಂಭವಾಗಿ ಮಾಡಿಕೊಂಡಿತು.