ಸಹ್ಯಾದ್ರಿಯ ಕಲ್ಲು, ಅರಾವಳಿಯ ಸತು

ಪುಣೆಯ ಕಸಬಾ ಪೇಟೆಯ ತಾಂಬಟ ಆಳಿಯಲ್ಲಿ ಪೇಶ್ವೆಯರ ಕಾಲದಿಂದಲೂ ಸುತ್ತಿಗೆಯ ಸದ್ದು ಕೇಳಿಬಂದಿದೆ. ಆದರೆ ಅಲ್ಲಿಯ ತಾಮ್ರವಾಗಲಿ, ಅದರೊಡನೆ ಬೆರೆತು ಹಿತ್ತಾಳೆಯಾಗುವ ಸತುವಾಗಲಿ ಊರಿನ ಬೆನ್ನಿಗೇ ನಿಂತಿರುವ ಸಹ್ಯಾದ್ರಿಯಿಂದ ಬಂದುದಲ್ಲ. ಇಷ್ಟು ದೊಡ್ಡ ಪರ್ವತಶ್ರೇಣಿಯ ಈ ಭಾಗ ಲೋಹದ ವಿಷಯದಲ್ಲಿ ಬಡವಾದುದೇಕೆ?

ಪುಣೆಯ ಸುತ್ತಲಿನ ಬೆಟ್ಟಗಳು ಬಸಾಲ್ಟ್ ಎಂಬ ಕಪ್ಪುಕಲ್ಲಿನವು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾರಸ ಪದರಪದರವಾಗಿ ಹರಡಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರಿನಷ್ಟು ನೆಲವನ್ನು ಅದು ಹೊದ್ದುಕೊಂಡಿದೆ. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಗಳ ಎರೆಭೂಮಿಯ ಬಹುಭಾಗ ಅದರದೇ ದಕ್ಷಿಣದ ಅಂಚು. ಈ ಕಲ್ಲಿನಲ್ಲಿ ಸತು ಇಲ್ಲವೆನ್ನುವಂತಿಲ್ಲ. ಒಂದು ಟನ್ನಿನಲ್ಲಿ ಸುಮಾರು 100 ಗ್ರಾಂ ಉಂಟು. ಸೀಸ ಕೆಲವೇ ಗ್ರಾಂ. ಅದಿರೆನಿಸಿಕೊಳ್ಳಬೇಕಾದರೆ ಟನ್ನಿಗೆ ಹತ್ತಾರು ಕಿಲೋಗ್ರಾಂ ಬೇಕು. ಚದುರಿದುದು ಒಂದೆಡೆ ಸೇರಬೇಕು.

ಸೇರಿಸುವ ಕೆಲಸ ಬಹುಮಟ್ಟಿಗೆ ಬಿಸಿನೀರಿನದು. ಉಪ್ಪು ಬೆರೆತ ಬಿಸಿನೀರು ಆಳದ ಶಿಲೆಗಳಿಂದ ಲೋಹವನ್ನು ಕರಗಿಸಿ ತರುತ್ತದೆ. ಗಂಧಕ ದೊರೆತೆಡೆ ಅದು ಸೀಸದ ಗೆಲೀನಾ ಆಗಿ, ಸತುವಿನ ಸ್ಫಾಲರೈಟ್ ಆಗಿ ಹರಳುಗಟ್ಟುತ್ತದೆ. ದಖ್ಖನಿನ ಲಾವಾ ಬಹುತೇಕ ಬಯಲಿನಲ್ಲಿ ಗಟ್ಟಿಯಾದುದರಿಂದ ಅದರ ಗಂಧಕದ ಅನಿಲ ಬಹುಪಾಲು ಗಾಳಿಗೆ ಹೋಯಿತು. ಅನಂತರ ಶಿಲೆಯ ಗುಳ್ಳೆಗಳೊಳಗೆ ಸುಳಿದಾಡಿದ ನೀರು ಉಳಿಸಿಹೋದದ್ದು ಜಿಯೋಲೈಟ್, ಕ್ಯಾಲ್ಸೈಟ್, ಸ್ಫಟಿಕಗಳನ್ನು. ವಾಘೋಲಿಯ ಕಲ್ಲುಗಣಿಗಳ ನೀಲಿ ಕ್ಯಾವನ್ಸೈಟ್ ಜಗತ್ತಿನ ಸಂಗ್ರಾಹಕರನ್ನು ಮರುಳುಮಾಡಿದೆ; ಆದರೆ ಕಂಚುಗಾರನಿಗೆ ಅದರಿಂದ ಪ್ರಯೋಜನವಿಲ್ಲ.

ಉದಯಪುರದ ಬಳಿಯ ಜಾವರದಲ್ಲಿ ಅರಾವಳಿಯ ಕಥೆ ಬೇರೆ. ಅಲ್ಲಿ ನೂರು ಕೋಟಿ ವರ್ಷಗಳಿಗೂ ಬಹಳ ಹಿಂದಿನ ಕಡಲಿನಲ್ಲಿ ನೆಲೆಗೊಂಡ ಡಾಲೊಮೈಟ್ ಶಿಲೆಯೊಳಗೆ ಸೀಸ-ಸತುಗಳ ಅದಿರು ತುಂಬಿದೆ. ಪರ್ವತ ಮಡಿಚಿಕೊಂಡಾಗ ಅದೂ ಮಡಿಚಿಕೊಂಡಿತು. ಹಳೆಯ ಸುರಂಗಗಳಲ್ಲಿ ದೊರೆತ ಮರದ ಆಧಾರಗಳು 2000 ವರ್ಷಗಳಿಗೂ ಹಿಂದಿನವು.

ಅಗೆದುದಷ್ಟೇ ಸಾಲದು. ಸತು ಅದಿರಿನಿಂದ ಬಿಡಿಸಿಕೊಳ್ಳಲು 1000 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾವು ಬೇಕು. ಅದು ಕುದಿಯುವುದೋ 907 ಡಿಗ್ರಿಯಲ್ಲಿ! ಹುಟ್ಟುತ್ತಲೇ ಆವಿಯಾಗುವ ಲೋಹಕ್ಕೆ ಗಾಳಿ ಸೋಕಿದರೆ ಬಿಳಿಯ ಬೂದಿಯೇ ಗತಿ. ಸಾಮಾನ್ಯವಾಗಿ 13ನೆಯ ಶತಮಾನದ್ದೆಂದು ಗಣಿಸಲಾಗುವ ಸಂಸ್ಕೃತದ ‘ರಸರತ್ನಸಮುಚ್ಚಯ’ವು ‘ರಸಕ’ವೆಂಬ ಅದಿರನ್ನು ‘ವೃಂತಾಕಮೂಷೆ’ಯಲ್ಲಿಟ್ಟು ಸತ್ತ್ವ ತೆಗೆಯುವ ಕ್ರಮವನ್ನು ಹೇಳುತ್ತದೆ. ವೃಂತಾಕವೆಂದರೆ ಬದನೆಕಾಯಿ. ರಸವಾದಿಗಳ ಮಾತೆಂದು ಇಂಥ ಪದಗಳನ್ನು ತಳ್ಳಿಹಾಕುವುದು ಪಂಡಿತರಿಗೂ ರೂಢಿಯೇ. ಆದರೆ ಜಾವರದಲ್ಲಿ 1980ರ ದಶಕದ ಉತ್ಖನನಗಳು ಬಯಲಿಗೆ ತಂದ ಮಣ್ಣಿನ ಪಾತ್ರೆಗಳ ಆಕಾರ ಬದನೆಕಾಯಿಯದೇ. ಒಂದೊಂದು ಕುಲುಮೆಯಲ್ಲಿ 36 ಪಾತ್ರೆಗಳನ್ನು ಬಾಯಿ ಕೆಳಗಾಗಿ ನಿಲ್ಲಿಸುತ್ತಿದ್ದರು. ಆವಿ ಕೊಳವೆಯಿಂದ ಕೆಳಗಿಳಿದು ತಂಪಾದ ಅಂಕಣದಲ್ಲಿ ಲೋಹವಾಗುತ್ತಿತ್ತು. ಬ್ರಿಸ್ಟಲ್‌ನ ವಿಲಿಯಂ ಚಾಂಪಿಯನ್ ಸತು ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ.

ಹೆಸರಿಲ್ಲದ ಆ ಕುಲುಮೆಗಾರರು ಒಮ್ಮೆ ಬಳಸಿ ಎಸೆದ ಪಾತ್ರೆಗಳ ರಾಶಿಗಳು ಜಾವರದಲ್ಲಿ ದಿಬ್ಬಗಳಂತೆ ಬಿದ್ದಿವೆ. ಊರವರು ಅವುಗಳನ್ನೇ ಇಟ್ಟಿಗೆಯಂತೆ ಜೋಡಿಸಿ ಮನೆಗಳ ಗೋಡೆ ಕಟ್ಟಿಕೊಂಡಿದ್ದಾರೆ.