ಪರದೆಯ ಮೇಲಿನ ಆಕಾಶ

ಬೆಂಗಳೂರಿನ ಪಶ್ಚಿಮ ಭಾಗವು ಎರಡು ರೈಲುದಾರಿಗಳ ನಡುವೆ ಹರಡಿಕೊಂಡಿದೆ. ಒಂದು ದಾರಿ ಮಲ್ಲೇಶ್ವರ, ಯಶವಂತಪುರಗಳನ್ನು ಹಾದು ತುಮಕೂರಿನ ಕಡೆಗೆ ಸಾಗುತ್ತದೆ. ಇನ್ನೊಂದು ನಾಯಂಡಹಳ್ಳಿ, ಕೆಂಗೇರಿ, ಬಿಡದಿ, ರಾಮನಗರಗಳನ್ನು ದಾಟಿ ಮೈಸೂರನ್ನು ಸೇರುತ್ತದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಬಡಾವಣೆಗಳು ಇವುಗಳ ನಡುವೆ ಬೆಳೆದಿವೆ. ಮೈಸೂರಿನ ದಾರಿ ದಿವಾನ್ ರಂಗಾಚಾರ್ಲು ಅವರ ಕಾಲದ್ದು. 1882ರಲ್ಲಿ ಗಾಡಿಗಳು ಮೈಸೂರನ್ನು ಮುಟ್ಟಿದವು. ಅಂದಿನ ಮೀಟರ್ ಗೇಜ್ ಹಳಿ ಇಂದು ಬ್ರಾಡ್ ಗೇಜ್ ಆಗಿದೆ. ಉಗಿಯಂತ್ರದ ಸ್ಥಾನಕ್ಕೆ ವಿದ್ಯುತ್ ಎಂಜಿನ್ ಬಂದಿದೆ. ಆದರೆ ಬದಲಾಗದ ಸಂಗತಿಯೊಂದಿದೆ: ಎಂಜಿನ್ ನಡೆಸುವವರು ಹಳಿಯನ್ನು ನೋಡುವಷ್ಟೇ ಎಚ್ಚರಿಕೆಯಿಂದ ಹವೆಯನ್ನೂ ನೋಡಬೇಕು.

ಉಕ್ಕಿನ ಚಕ್ರವು ಉಕ್ಕಿನ ಹಳಿಯ ಮೇಲೆ ಉರುಳುವಾಗ ಹಳಿ ಒಣಗಿದ್ದರೆ ಒಳ್ಳೆಯ ಹಿಡಿತ ದೊರೆಯುತ್ತದೆ. ಒದ್ದೆಯಾದರೆ ಹಿಡಿತ ಕುಗ್ಗುತ್ತದೆ. ಜೋರು ಮಳೆಗಿಂತ ತುಂತುರು ಹನಿಯೇ ಹೆಚ್ಚು ತೊಂದರೆ ಕೊಡುವುದುಂಟು. ಜೋರು ಮಳೆ ಹಳಿಯನ್ನು ತೊಳೆದುಬಿಡುತ್ತದೆ. ತುಂತುರು ಹನಿಯಾದರೋ ಧೂಳು, ತುಕ್ಕುಗಳೊಡನೆ ಕಲೆತು ಜಾರುವ ಲೇಪವಾಗುತ್ತದೆ. ಆಗ ಚಾಲಕರು ಚಕ್ರದ ಮುಂದೆ ಮರಳು ಉದುರಿಸಿ ಹಿಡಿತವನ್ನು ಹೆಚ್ಚಿಸಿಕೊಳ್ಳುತ್ತಾರೆ. ಮಂಜು ಕವಿದರೆ ಸಿಗ್ನಲ್ ದೂರದಿಂದ ಕಾಣದು. ವೇಗವನ್ನು ತಗ್ಗಿಸದೆ ಗತ್ಯಂತರವಿಲ್ಲ.

ರೈಲು ನಡೆಸುವ ಈ ಕಾರ್ಯವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಆಟಕ್ಕೆ ರೈಲು ಸಿಮ್ಯುಲೇಟರ್ ಎಂದು ಹೆಸರು. 2001ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಇಂತಹ ಒಂದು ಆಟವನ್ನು ಹೊರತಂದಿತು. ಅದಕ್ಕಾಗಿ ರಚಿಸಿದ ದಾರಿಗಳನ್ನು ಇಂದಿನ ಯಂತ್ರಗಳಲ್ಲಿಯೂ ನಡೆಸಲು ನೆರವಾಗುವ ‘ಓಪನ್ ರೈಲ್ಸ್’ ಎಂಬ ಉಚಿತ ಆಟವನ್ನು ಸ್ವಯಂಸೇವಕರು ಕಟ್ಟಿದ್ದಾರೆ. ಅದರಲ್ಲಿ ಗಾಡಿ ಓಡುತ್ತಿರುವಾಗಲೇ ಮೋಡ, ಮಳೆ, ಮಂಜುಗಳನ್ನು ಹೆಚ್ಚುಕಡಮೆ ಮಾಡಬಹುದು. ಮಳೆ ಬಂದರೆ ಚಕ್ರದ ಹಿಡಿತವೂ ಕುಗ್ಗುವಂತೆ ಮಾಡಬಹುದು. ಹೀಗಾಗಿ ಆಟದ ಆಕಾಶವು ಕೇವಲ ಅಲಂಕಾರವಲ್ಲ. ಅದು ಪಾಠದ ಒಂದು ಭಾಗ.

ಪರದೆಯ ಮೇಲಿನ ಆಕಾಶವನ್ನು ಹೇಗೆ ಕಟ್ಟುತ್ತಾರೆ? ಬೋರಲು ಹಾಕಿದ ಒಂದು ದೊಡ್ಡ ಬೋಗುಣಿಯನ್ನು ಊಹಿಸಿಕೊಳ್ಳೋಣ. ಅದರ ಒಳಮೈಗೆ ಆಕಾಶದ ಚಿತ್ರವನ್ನು ಅಂಟಿಸಿರುತ್ತಾರೆ. ಅದರ ಮೇಲೆ ಮೋಡಗಳ ಪದರವೊಂದು ಮೆಲ್ಲನೆ ಚಲಿಸುತ್ತದೆ. ಸೂರ್ಯ ಚಂದ್ರರು ಬೇರೆ ಚಿತ್ರಗಳು. ದಾರಿಯ ಅಕ್ಷಾಂಶ, ರೇಖಾಂಶ, ದಿನಾಂಕಗಳಿಂದ ಲೆಕ್ಕ ಹಾಕಿ ಕಾರ್ಯಕ್ರಮವು ಅವರನ್ನು ತಕ್ಕ ಸ್ಥಾನದಲ್ಲಿ ಇರಿಸುತ್ತದೆ. ದೂರದ ವಸ್ತುಗಳಿಗೆ ಮಂಜಿನ ಬಣ್ಣವನ್ನು ಬೆರೆಸಿ ಅವು ಮಸುಕಾಗುವಂತೆ ಮಾಡುತ್ತಾರೆ. ಈ ಬಣ್ಣವು ದಿಗಂತದ ಬಣ್ಣಕ್ಕೆ ಹೊಂದದಿದ್ದರೆ ರಾಮನಗರದ ಬಂಡೆಬೆಟ್ಟಗಳು ಕಾಗದದಿಂದ ಕತ್ತರಿಸಿ ನಿಲ್ಲಿಸಿದಂತೆ ತೋರುತ್ತವೆ.

ಮೂಲ ಆಟದ ಆಕಾಶದಿಂದ ತೃಪ್ತರಾಗದ ಆಟಗಾರರು ಉತ್ತಮ ಚಿತ್ರಗಳನ್ನೂ ಹೊಸ ಹವೆಯ ವಿವರಗಳನ್ನೂ ಸಿದ್ಧಪಡಿಸಿ ಆಟಕ್ಕೆ ಸೇರಿಸುತ್ತಾರೆ. ಇಂತಹ ಸೇರ್ಪಡೆಗೆ ‘ಮಾಡ್’ ಎನ್ನುವರು. ಮಾರ್ಪಾಡು ಎಂದು ಅದರ ಅರ್ಥ. ಕೆಲವು ಉಚಿತವಾಗಿ ದೊರೆಯುತ್ತವೆ. ಕೆಲವನ್ನು ಸಂಸ್ಥೆಗಳು ಮಾರುತ್ತವೆ. ‘ಟ್ರೈನ್ ಸಿಮ್ಯುಲೇಟರ್’ ಎಂಬ ಇನ್ನೊಂದು ಆಟಕ್ಕೆ ಬ್ರಿಟನ್ನಿನ ಆರ್ಮ್‌ಸ್ಟ್ರಾಂಗ್ ಪವರ್‌ಹೌಸ್ ಸಂಸ್ಥೆ ಆಕಾಶ ಮತ್ತು ಹವೆಗೆಂದೇ ಒಂದು ಸೇರ್ಪಡೆಯನ್ನು ಹೊರತಂದಿತು.

ಮಾಡ್ ಅಳವಡಿಸುವ ಕೆಲಸ ಕಷ್ಟದ್ದಲ್ಲ, ಆದರೆ ಕ್ರಮವನ್ನು ಬೇಡುತ್ತದೆ. ಮೊದಲು ಆಟವನ್ನು ಮುಚ್ಚಬೇಕು. ಬಳಕೆಯಲ್ಲಿರುವ ಕಡತವನ್ನು ಬದಲಾಯಿಸಲು ಯಂತ್ರ ಒಪ್ಪುವುದಿಲ್ಲ. ಬಳಿಕ ಮೂಲ ಕಡತಗಳಿರುವ ಫೋಲ್ಡರನ್ನು ನಕಲು ಮಾಡಿ ಬೇರೆಡೆ ಕಾಪಾಡಿಡಬೇಕು. ಹೊಸದು ಕೆಟ್ಟರೆ ಹಳೆಯದನ್ನು ಮರಳಿ ತರಲು ಇದು ಆಧಾರ. ಮಾಡ್‌ನೊಡನೆ ಬರುವ ಸೂಚನೆಯನ್ನು ಪೂರ್ತಿಯಾಗಿ ಓದಬೇಕು. ಕಡತಗಳ ಹೆಸರನ್ನಾಗಲಿ ಅವುಗಳ ಸ್ಥಾನವನ್ನಾಗಲಿ ಬದಲಿಸಬಾರದು. ಆಟವು ಚಿತ್ರವನ್ನು ಹುಡುಕುವುದು ಹೆಸರು ಮತ್ತು ಸ್ಥಾನಗಳಿಂದಲೇ. ಒಂದು ಮಾಡ್ ಇರುವಾಗ ಅದೇ ಕಡತಗಳನ್ನು ಬದಲಿಸುವ ಇನ್ನೊಂದನ್ನು ಹೇರಿದರೆ ಎರಡೂ ಬೆರೆತು ಅವಾಂತರವಾಗುವುದು. ಅಳವಡಿಸಿದ ಮೇಲೆ ಒಂದೇ ದಾರಿಯಲ್ಲಿ ಬೆಳಗ್ಗೆ, ಮಧ್ಯಾಹ್ನ, ಇರುಳು, ಮಳೆ ಹೀಗೆ ಒಂದೊಂದಾಗಿ ಪರೀಕ್ಷಿಸಬೇಕು.

ಚಿತ್ರ ದೊಡ್ಡದಾದಷ್ಟೂ ಒಳ್ಳೆಯದೆಂಬ ಭ್ರಮೆಯೂ ಬೇಡ. ಅಗಲ ಎತ್ತರಗಳಲ್ಲಿ 1024 ಚುಕ್ಕಿಗಳಿರುವ ಚಿತ್ರಕ್ಕೆ, ಚುಕ್ಕಿಗೆ 4 ಬೈಟಿನಂತೆ, 4 ಮೆಗಾಬೈಟ್ ಸ್ಥಳ ಬೇಕು. ಚುಕ್ಕಿಗಳನ್ನು ಎರಡೂ ಕಡೆ 4096ಕ್ಕೆ ಏರಿಸಿದರೆ ಬೇಕಾಗುವುದು 64 ಮೆಗಾಬೈಟ್. ಉದ್ದಗಲ ನಾಲ್ಕು ಪಟ್ಟಾದರೆ ಹೊರೆ ಹದಿನಾರು ಪಟ್ಟಾಗುತ್ತದೆ. ಹಳೆಯ ಯಂತ್ರ ಈ ಹೊರೆಯನ್ನು ತಾಳಲಾರದೆ ಗಾಡಿ ತಡವರಿಸಿ ಓಡುತ್ತದೆ. ಇನ್ನೊಬ್ಬರು ಶ್ರಮಪಟ್ಟು ರಚಿಸಿದ ಮಾಡನ್ನು ಅವರ ಒಪ್ಪಿಗೆಯಿಲ್ಲದೆ ಹಂಚುವುದು ಸಲ್ಲದು; ಅಪರಿಚಿತ ಮೂಲದಿಂದ ಪಡೆಯುವುದು ಅಪಾಯಕರ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಪರದೆಯ ಮೇಲೆ ಬಂದ ಆ ಆಕಾಶ ಯಾರದು?

ಮೈಕ್ರೋಸಾಫ್ಟ್ ಆಟದ ಪ್ರತಿಯೊಂದು ದಾರಿಗೂ ಒಂದು ವಿವರಪಟ್ಟಿ ಇದೆ. ಅದರಲ್ಲಿ ಆಕಾಶಕ್ಕೆ ಹನ್ನೆರಡು ಮನೆಗಳು: ವಸಂತ, ಬೇಸಗೆ, ಶರತ್ತು, ಚಳಿಗಾಲ ಎಂಬ ನಾಲ್ಕು ಕಾಲಗಳು, ಒಂದೊಂದಕ್ಕೂ ತಿಳಿ, ಮಳೆ, ಹಿಮ ಎಂಬ ಮೂರು ಹವೆಗಳು. ಕೆಂಗೇರಿಯಲ್ಲಿ ಹಿಮ ಬೀಳುವುದಿಲ್ಲ. ಆದ್ದರಿಂದ ಹನ್ನೆರಡರಲ್ಲಿ ನಾಲ್ಕು ಮನೆಗಳು ನಮಗೆ ವ್ಯರ್ಥ. ನಮಗೆ ಬೇಕಾದ ಮುಂಗಾರು, ಹಿಂಗಾರುಗಳಿಗೆ ಅಲ್ಲಿ ಹೆಸರೇ ಇಲ್ಲ. ಲಂಡನ್ನಿನಲ್ಲಿ ಅತಿ ದೀರ್ಘವಾದ ಹಗಲು ಹದಿನಾರೂವರೆ ಗಂಟೆ, ಅತಿ ಚಿಕ್ಕ ಹಗಲು ಎಂಟು ಗಂಟೆಗೂ ಕಡಮೆ. 13 ಡಿಗ್ರಿ ಉತ್ತರ ಅಕ್ಷಾಂಶದ ಬಳಿಯಿರುವ ಬೆಂಗಳೂರಿನಲ್ಲಿ ಈ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಅಲ್ಲಿನ ಸಂಜೆ ನಿಧಾನವಾಗಿ ಕರಗುತ್ತದೆ. ಇಲ್ಲಿ ಸೂರ್ಯನು ನೇರವಾಗಿ ಇಳಿಯುವುದರಿಂದ ಕತ್ತಲು ಬೇಗನೆ ಕವಿಯುತ್ತದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲಿನಲ್ಲಿ ಸೂರ್ಯನು ನಮ್ಮ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ; ನೆಟ್ಟ ಕೋಲಿಗೆ ನೆರಳಿಲ್ಲ. ಇಂಗ್ಲೆಂಡಿನ ಬೆಳಕಿಗಾಗಿ ಬರೆದ ಚಿತ್ರವನ್ನು ನಾಯಂಡಹಳ್ಳಿಯ ಮೇಲೆ ಕವುಚಿದರೆ, ಅದು ಎಷ್ಟೇ ಸುಂದರವಾಗಿದ್ದರೂ ಸತ್ಯವಾಗದು.

ಇದಕ್ಕೆ ಪರಿಹಾರವಿದೆ. ಆ ಮನೆಗಳ ಹೆಸರುಗಳು ಕೇವಲ ಗುರುತುಗಳು. ಯಾವ ಮನೆಗೆ ಯಾವ ಕಡತವೆಂಬುದನ್ನು ದಾರಿಯ ರಚಕರೇ ಬರೆಯಬಹುದು. ‘ವಸಂತ’ದ ಮನೆಯಲ್ಲಿ ನಮ್ಮ ಏಪ್ರಿಲ್, ಮೇ ತಿಂಗಳುಗಳ ಬಿಸಿಲನ್ನೂ ಸಂಜೆ ಗೋಪುರದಂತೆ ಏಳುವ ಗುಡುಗುಮೋಡಗಳನ್ನೂ ಇರಿಸಬಹುದು. ‘ಬೇಸಗೆ’ಯ ಮನೆಯಲ್ಲಿ ಮುಂಗಾರಿನ ಬೂದುಬಣ್ಣದ ಮೋಡ, ಪಡುವಣ ಗಾಳಿ, ತುಂತುರು, ‘ಶರತ್ತಿ’ನಲ್ಲಿ ಹಿಂಗಾರು, ‘ಚಳಿಗಾಲ’ದಲ್ಲಿ ಡಿಸೆಂಬರ್, ಜನವರಿಗಳ ತಿಳಿಯಾಕಾಶ, ಮುಂಜಾವಿನ ಮಂಜು. ಆಕಾಶದ ಚಿತ್ರಗಳನ್ನು ಮನೆಯ ತಾರಸಿಯಿಂದಲೇ ತೆಗೆಯಬಹುದು. ಆದರೆ ಚಿತ್ರದಲ್ಲಿರುವ ಸೂರ್ಯನನ್ನು ಅಳಿಸಲು ಮರೆಯಬಾರದು. ಮರೆತರೆ ಪರದೆಯ ಮೇಲೆ ಇಬ್ಬರು ಸೂರ್ಯರು ಬೆಳಗುವರು!

ಇಂತಹ ಆಕಾಶವನ್ನು ರಚಿಸುವವರು ಮೊದಲು ನಿಜವಾದ ಆಕಾಶವನ್ನು ಬಲ್ಲವರಾಗಿರಬೇಕು. ಲಂಡನ್ನಿನ ಔಷಧ ವ್ಯಾಪಾರಿ ಲ್ಯೂಕ್ ಹೊವರ್ಡ್ ವೃತ್ತಿಯಿಂದ ವಿಜ್ಞಾನಿಯಲ್ಲ. ದಿನವೂ ಮೋಡಗಳನ್ನು ನೋಡುವುದು ಆತನ ಹವ್ಯಾಸ. ಎಳೆಎಳೆಯಾದ ಎತ್ತರದ ಮೋಡ, ರಾಶಿಮೋಡ, ಹಾಸುಮೋಡ ಎಂದು 1802ರಲ್ಲಿ ಆತ ಮಾಡಿದ ವರ್ಗೀಕರಣವೇ ಇಂದಿಗೂ ಹವಾಶಾಸ್ತ್ರಕ್ಕೆ ತಳಹದಿ. ಆಕಾಶವನ್ನು ಎಂಟು ಪಾಲಾಗಿ ಭಾವಿಸಿ ಎಷ್ಟು ಪಾಲು ಮೋಡ ಮುಚ್ಚಿದೆಯೆಂದು ಬರೆದಿಡುವುದು ಹವಾ ವೀಕ್ಷಕರ ಪದ್ಧತಿ. ಇದಕ್ಕೆ ಯಾವ ಉಪಕರಣವೂ ಬೇಡ. ಕಣ್ಣು, ಪುಸ್ತಕ, ನಿಯಮ ಸಾಕು.

ರಾಜಾಜಿನಗರದ ತಾರಸಿಯಿಂದಾಗಲಿ ಕೆಂಗೇರಿಯ ನಿಲ್ದಾಣದಿಂದಾಗಲಿ ಪ್ರತಿದಿನ ಒಂದೇ ವೇಳೆಗೆ ಮೋಡದ ಪಾಲು, ಅದರ ಬಗೆ, ಗಾಳಿಯ ದಿಕ್ಕು, ಮಳೆ ಇವುಗಳನ್ನು ಒಂದು ವರ್ಷ ಬರೆದಿಟ್ಟ ವಿದ್ಯಾರ್ಥಿಯು ತನ್ನ ಊರಿನ ಆಕಾಶವನ್ನು ಚೆನ್ನಾಗಿ ಅರಿಯುತ್ತಾನೆ, ಅರಿಯುತ್ತಾಳೆ. ಆ ಅರಿವು ಆಟಕ್ಕೆ ಇಳಿದಾಗ ಕೆಂಗೇರಿಯ ಹಳಿಯ ಮೇಲೆ ಕೆಂಗೇರಿಯದೇ ಮಳೆ ಬೀಳುತ್ತದೆ. ಬೇರೆಯವರು ರಚಿಸಿದ್ದನ್ನು ಅಳವಡಿಸಿಕೊಳ್ಳುವುದು ಜಾಣತನ. ನಮ್ಮದನ್ನು ನೋಡಿ, ಅರಿತು, ರಚಿಸಿ ಇತರರಿಗೂ ನೀಡುವುದು ಅದಕ್ಕಿಂತ ಮಿಗಿಲಾದ ವಿದ್ಯೆ.